ಕೂನೂರು ನಿಲ್ದಾಣ: ಹಲ್ಲುಹಳಿ ಮುಗಿಯುವ ತಾಣ

ನಮ್ಮ ಕೀಳ್ ಕೋತಗಿರಿಗೆ ರೈಲಿಲ್ಲ, ಕೋತಗಿರಿಗೂ ಇಲ್ಲ. ರೈಲು ಹತ್ತಬೇಕಾದರೆ ನಾವು ಘಟ್ಟವಿಳಿದು ಮೇಟುಪಾಳ್ಯಕ್ಕೆ ಹೋಗಬೇಕು, ಇಲ್ಲವೇ ಬೆಟ್ಟದ ಮೇಲೆಯೇ ಸಾಗಿ ಕೂನೂರನ್ನು ಸೇರಬೇಕು. ಪಠ್ಯಪುಸ್ತಕದಲ್ಲಿ ನೀಲಗಿರಿ ರೈಲಿನ ಚಿತ್ರವನ್ನು ಕಂಡ ಮಕ್ಕಳು ‘ಅದು ನಮ್ಮೂರಿಗೇಕೆ ಬರಲಿಲ್ಲ?’ ಎಂದು ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಹುಡುಕಿದರೆ ಇಡೀ ಜಿಲ್ಲೆಯ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ವಾಸ್ತವವಾಗಿ ಬೆಟ್ಟವೇರುವ ಮೊದಲ ಹಾದಿ ನಮ್ಮ ಕಡೆಯದೇ ಆಗಿತ್ತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿಗೆ ಬಂದ ಮೇಲೆ, ಸಿರುಮುಗೈಯಿಂದ ಕೋತಗಿರಿಯ ಸಮೀಪದ ದಿಂಬಟ್ಟಿಗೆ ದಾರಿ ನಿರ್ಮಾಣವಾಯಿತು. ಕೆಲವು ವರ್ಷಗಳ ಕಾಲ ಮೇಲೇರುವವರೆಲ್ಲರೂ ಕೋತಗಿರಿಯನ್ನು ಹಾದೇ ಹೋಗುತ್ತಿದ್ದರು. 1830ರ ದಶಕದಲ್ಲಿ ಕೂನೂರಿನ ಘಟ್ಟದಾರಿ ತೆರೆಯಿತು. ಸಂಚಾರವೂ ವ್ಯಾಪಾರವೂ ಅತ್ತ ಹರಿದವು. ಮುಂದೆ ಹಳಿಯೂ ಅದೇ ಕಣಿವೆಯನ್ನು ಹಿಡಿಯಿತು. ಹೀಗೆ ಮೊದಲ ಹಾದಿಯನ್ನು ಪಡೆದ ಕೋತಗಿರಿ ರೈಲನ್ನು ಪಡೆಯಲಿಲ್ಲ.

ಬೆಟ್ಟಕ್ಕೆ ರೈಲು ಹಾಕುವ ಪ್ರಸ್ತಾಪ 1854ರಷ್ಟು ಹಿಂದಿನದು. ಮೇಟುಪಾಳ್ಯಕ್ಕೆ ಬಯಲುಸೀಮೆಯ ರೈಲು 1873ರಲ್ಲಿ ಬಂದಿತಾದರೂ ಅಲ್ಲಿಂದ ಮುಂದಿನ ಏರು ಎಂಜಿನಿಯರುಗಳನ್ನು ಬಹುಕಾಲ ಕಾಡಿತು. ಸ್ವಿಟ್ಜರ್‌ಲ್ಯಾಂಡಿನ ಬೆಟ್ಟದ ರೈಲುಗಳಿಂದ ಹೆಸರಾಗಿದ್ದ ರಿಗೆನ್‌ಬಾಕ್ 1882ರಲ್ಲಿ ಇಲ್ಲಿಗೆ ಬಂದು ನೋಡಿಹೋದರು. 1891ರಲ್ಲಿ ಮದರಾಸಿನ ಗವರ್ನರ್ ವೆನ್‌ಲಾಕ್ ಮೊದಲ ಗುದ್ದಲಿ ಹಾಕಿದರು. ಕೆಲಸ ಹಿಡಿದ ಕಂಪನಿ ಹಣವಿಲ್ಲದೆ ಮುಳುಗಿತು. ಮತ್ತೊಂದು ಕಂಪನಿ ಅದನ್ನು ಮುಂದುವರಿಸಿತು. ಕೊನೆಗೆ 1899ರ ಜೂನ್ ತಿಂಗಳಲ್ಲಿ ಕೂನೂರಿಗೆ ಗಾಡಿ ಬಂದಿತು. ಅಲ್ಲಿಂದ ಉದಕಮಂಡಲಕ್ಕೆ ಹಳಿ ತಲುಪಿದ್ದು 1908ರಲ್ಲಿ. ಅಂದರೆ ಒಂಬತ್ತು ವರ್ಷಗಳ ಕಾಲ ಬೆಟ್ಟದ ರೈಲಿನ ಕೊನೆಯ ನಿಲ್ದಾಣ ಕೂನೂರೇ ಆಗಿತ್ತು.

ಇಂದಿಗೂ ಕೂನೂರು ಒಂದು ಬಗೆಯ ಗಡಿಯೇ ಆಗಿದೆ. ಮೇಟುಪಾಳ್ಯದಿಂದ ಉದಕಮಂಡಲದವರೆಗಿನ ಹಳಿಯ ಉದ್ದ ಸುಮಾರು 46 ಕಿಲೋಮೀಟರ್. ಅದರಲ್ಲಿ 208 ತಿರುವುಗಳು, 250 ಸೇತುವೆಗಳು, 16 ಸುರಂಗಗಳು. ಕಲ್ಲಾರಿನವರೆಗೆ ನೆಲ ಹೆಚ್ಚುಕಡಿಮೆ ಸಮತಟ್ಟು. ಅಲ್ಲಿಂದ ಕೂನೂರಿನವರೆಗೆ ಹನ್ನೆರಡು ಅಡಿ ಸಾಗಿದರೆ ಒಂದು ಅಡಿ ಏರಬೇಕಾದಷ್ಟು ಕಡಿದು. ನುಣುಪಾದ ಉಕ್ಕಿನ ಹಳಿಯ ಮೇಲೆ ನುಣುಪಾದ ಉಕ್ಕಿನ ಚಕ್ರ ಇಂಥ ಏರಿನಲ್ಲಿ ಜಾರುತ್ತದೆ. ಆದ್ದರಿಂದ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಜೋಡಿಸಿದ್ದಾರೆ. ಒಂದು ಪಟ್ಟಿಯ ಹಲ್ಲು ಇರುವೆಡೆ ಇನ್ನೊಂದರ ಸಂದು ಬರುವಂತೆ ಹೊಂದಿಸಿರುವುದರಿಂದ, ಎಂಜಿನಿನ ಹಲ್ಲುಚಕ್ರಕ್ಕೆ ಯಾವ ಕ್ಷಣದಲ್ಲೂ ಹಿಡಿತ ತಪ್ಪುವುದಿಲ್ಲ. ಸ್ವಿಟ್ಜರ್‌ಲ್ಯಾಂಡಿನ ರೋಮನ್ ಆಬ್ಟ್ ರೂಪಿಸಿದ ಈ ವ್ಯವಸ್ಥೆ ಕೂನೂರಿನಲ್ಲಿ ಕೊನೆಗೊಳ್ಳುತ್ತದೆ. ಮುಂದಿನ ಏರು ಅಷ್ಟು ಕಡಿದಲ್ಲದ ಕಾರಣ ಸಾಮಾನ್ಯ ಚಕ್ರಗಳೇ ಸಾಕು.

ಹೀಗಾಗಿ ಎಂಜಿನ್ ಬದಲಾಗುವುದೂ ಇಲ್ಲಿಯೇ. ಕೆಳಗಿನಿಂದ ಗಾಡಿಯನ್ನು ತರುವುದು ಉಗಿ ಎಂಜಿನ್. ಮೇಲಕ್ಕೆ ಒಯ್ಯುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಗಾಡಿಯನ್ನು ಎಳೆಯುವುದಿಲ್ಲ, ಹಿಂದೆ ನಿಂತು ತಳ್ಳುತ್ತದೆ. ಅದು ಸದಾ ಇಳಿಜಾರಿನ ಬದಿಯಲ್ಲಿರುವುದರಿಂದ ಬೋಗಿಗಳು ಜಾರುವ ಭಯವಿರುವುದಿಲ್ಲ. ವಿಂಟರ್‌ಥೂರಿನಲ್ಲಿ ಮೊದಲು ತಯಾರಾದ ಮಾದರಿಯ ಈ ಎಂಜಿನುಗಳಿಗೆ ನಾಲ್ಕು ಸಿಲಿಂಡರುಗಳು: ಎರಡು ಸಾಮಾನ್ಯ ಚಕ್ರಗಳಿಗೆ, ಎರಡು ಹಲ್ಲುಚಕ್ರಗಳಿಗೆ. ಏರಿನಲ್ಲಿ ಮೊದಲೆರಡರಲ್ಲಿ ದುಡಿದ ಆವಿಯನ್ನೇ ಉಳಿದೆರಡರಲ್ಲಿ ಮತ್ತೊಮ್ಮೆ ದುಡಿಸುತ್ತಾರೆ. ಪ್ರತಿ ಬೋಗಿಯ ಮೇಲೂ ಒಬ್ಬ ಬ್ರೇಕ್ ನೌಕರ ನಿಂತಿರುತ್ತಾನೆ. ನಿಲ್ದಾಣದ ಬಳಿಯ ಶೆಡ್ಡಿನಲ್ಲಿ ಈ ಎಂಜಿನುಗಳ ಆರೈಕೆ ನಡೆಯುತ್ತದೆ. ಇನ್ನೊಂದು ವಿಶೇಷವನ್ನೂ ಮಕ್ಕಳು ಗಮನಿಸಬೇಕು: ಕೆಳಗಿನಿಂದ ಬಂದ ಗಾಡಿ ಕೂನೂರಿನಿಂದ ನೇರವಾಗಿ ಮುಂದೆ ಹೋಗುವುದಿಲ್ಲ, ಸ್ವಲ್ಪ ದೂರ ಹಿಂದಕ್ಕೆ ಸರಿದು, ಅಲ್ಲಿಂದ ಉದಕಮಂಡಲದ ಹಳಿಗೆ ಹೊರಳುತ್ತದೆ.

2005ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ಮನ್ನಣೆ ಪಡೆದ ಡಾರ್ಜಿಲಿಂಗ್ ರೈಲಿನೊಂದಿಗೆ ಇದನ್ನು ಜೋಡಿಸಲಾಯಿತು. 2008ರಲ್ಲಿ ಕಾಲ್ಕಾ–ಶಿಮ್ಲಾ ಮಾರ್ಗವೂ ಕೂಡಿಕೊಂಡಿತು. ಮನ್ನಣೆ ದೊರೆತ ಮಾತ್ರಕ್ಕೆ ರಕ್ಷಣೆ ದೊರೆಯಿತೆಂದು ಭಾವಿಸುವವರು ಹಲವರು. ಕಾನೂನು ಓದಿದವನಾಗಿ ನಾನು ಇಲ್ಲಿ ಒಂದು ಮಾತು ಸೇರಿಸಬೇಕು. ವಿಶ್ವ ಪರಂಪರೆಯ ಒಪ್ಪಂದ ರಾಷ್ಟ್ರಗಳ ನಡುವಿನ ಕರಾರು. ಕುಸಿದ ಮಣ್ಣನ್ನು ತೆಗೆಯುವುದು, ಸೇತುವೆಯನ್ನು ಬಲಪಡಿಸುವುದು, ನುರಿತ ಕುಶಲಕರ್ಮಿಯ ಜಾಗಕ್ಕೆ ಮತ್ತೊಬ್ಬನನ್ನು ತಯಾರು ಮಾಡುವುದು, ಇವೆಲ್ಲ ನಮ್ಮ ದೇಶದ ಹಣದಿಂದ, ನಮ್ಮವರ ಕೈಯಿಂದಲೇ ಆಗಬೇಕು. ಮಳೆಗಾಲದಲ್ಲಿ ಮಣ್ಣು ಕುಸಿದು ಗಾಡಿ ನಿಂತ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಪ್ರತಿ ಬಾರಿಯೂ ಅದನ್ನು ಮತ್ತೆ ಓಡಿಸಬೇಕೆಂಬ ಸಂಕಲ್ಪ ಬೇಕು. ಆ ಸಂಕಲ್ಪ ಹುಟ್ಟುವುದು ಜನರ ಬಳಕೆಯಿಂದ. ಪ್ರವಾಸಿಗೆ ಇದು ಒಂದು ದಿನದ ವಿನೋದ. ಕೂನೂರು, ವೆಲ್ಲಿಂಗ್‌ಟನ್, ಅರುವಂಕಾಡು, ಕೇತ್ತಿಗಳ ನಡುವೆ ಓಡಾಡುವವನಿಗೆ ಇದು ದಿನಬಳಕೆಯ ಗಾಡಿ. ಎರಡನೆಯವನು ದೂರವಾದರೆ ರೈಲು ಪ್ರದರ್ಶನದ ವಸ್ತುವಾಗಿ ಉಳಿಯುತ್ತದೆ.

ಭಾಷೆಯ ಸಂಗತಿಯೂ ಇದಕ್ಕಿಂತ ಭಿನ್ನವಲ್ಲ. ಸಂವಿಧಾನದ 29ನೆಯ ಅನುಚ್ಛೇದ ನಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ನೀಡಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 350ಎ ಅನುಚ್ಛೇದ ಹೇಳುತ್ತದೆ. ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪೌರನ ಕರ್ತವ್ಯವೆಂದು 51ಎ ಅನುಚ್ಛೇದ ನೆನಪಿಸುತ್ತದೆ. ಆದರೆ ತರಗತಿಯಲ್ಲಿ ಮಕ್ಕಳಿಲ್ಲದಿದ್ದರೆ, ಮನೆಯಲ್ಲಿ ಓದುವವರಿಲ್ಲದಿದ್ದರೆ, ಹಕ್ಕು ಪುಸ್ತಕದಲ್ಲಿಯೇ ಉಳಿಯುತ್ತದೆ. ಓಡದ ರೈಲಿಗೂ ಆಡದ ನುಡಿಗೂ ಪಟ್ಟಿಯಲ್ಲಿನ ಹೆಸರು ಜೀವ ಕೊಡಲಾರದು.

ಆದುದರಿಂದ ಪಾಲಕರಲ್ಲಿ ನನ್ನದೊಂದು ವಿನಂತಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕೂನೂರು ನಿಲ್ದಾಣಕ್ಕೆ ಕರೆದೊಯ್ಯಿರಿ. ಅಲ್ಲಿಂದ ಉದಕಮಂಡಲಕ್ಕೆ ಹೋಗಿ ಬನ್ನಿ. ಎಂಜಿನ್ ಬದಲಾಗುವುದನ್ನು ತೋರಿಸಿರಿ. ಹಲ್ಲುಹಳಿ ಎಲ್ಲಿ ಮುಗಿಯುತ್ತದೆಂದು ಅವರೇ ಹುಡುಕಲಿ. ನಾಮಫಲಕದಲ್ಲಿ ಕನ್ನಡ ಲಿಪಿ ಇಲ್ಲದಿದ್ದರೂ ಕೂನೂರು ಎಂಬಲ್ಲಿನ ‘ಊರು’ ನಮ್ಮದೂ ಹೌದು, ತಮಿಳರದೂ ಹೌದು. ಕಲ್ಲಾರಿನ ‘ಕಲ್ಲು’ ಕೂಡ ಹಾಗೆಯೇ. ಮನೆಗೆ ಮರಳಿದ ಮೇಲೆ ಕಂಡದ್ದನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆಯಿಸಿರಿ. ತಾನು ಹುಟ್ಟಿದ ಬೆಟ್ಟವನ್ನು ತನ್ನ ನುಡಿಯಲ್ಲಿ ವಿವರಿಸಬಲ್ಲ ಮಗುವಿಗೆ ಆ ಬೆಟ್ಟವೂ ಆ ನುಡಿಯೂ ಪರಕೀಯವಾಗಲಾರವು.