ಅಡುಗೆಮನೆ ಕಿಟಕಿಯಿಂದ: ತಕ್ಕಡಿ ಹೇಳದ ಮಾತು



ಕಳೆದ ತಿಂಗಳು ಬೀರು ಜೋಡಿಸುವಾಗ ನನ್ನ ಮದುವೆಯ ರವಿಕೆ ಸಿಕ್ಕಿತು. ತಮಾಷೆಗೆಂದು ಹಾಕಿಕೊಂಡು ನೋಡಿದೆ. ತೋಳು ಸಡಿಲ, ಕೆಳಗಿನ ಎರಡು ಹುಕ್ಕು ಮಾತ್ರ ಬೀಳಲೇ ಇಲ್ಲ. ಮದುವೆಯಾದಾಗ ನಾನು 52 ಕಿಲೋ, ಈಗ 53. ಸಂಘದ ಕಾರ್ಯಕ್ರಮಗಳಲ್ಲಿ ಯಾರಾದರೂ "ನೀವು ಹಾಗೇ ಇದ್ದೀರಲ್ಲ!" ಎಂದರೆ ಉಬ್ಬಿಹೋಗುತ್ತಿದ್ದವಳು ನಾನು. ಆ ಉಬ್ಬಿನಲ್ಲೇ ರಕ್ತಪರೀಕ್ಷೆಯನ್ನು ನಾಲ್ಕು ವರ್ಷ ಮುಂದೂಡಿದೆ. ಕೊನೆಗೆ ಮಗಳ ಬಲವಂತಕ್ಕೆ ಮಾಡಿಸಿದರೆ ಎಚ್‌ಬಿಎ1ಸಿ 6.2. ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಹೊಸ್ತಿಲ ಮೇಲೆ ನಿಂತಿದ್ದೇನೆ.

ನಾನು ಓದಿದ್ದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯ. ಆದರೂ ಡಾಕ್ಟರು ಹೇಳಿದ್ದು ರವಿಕೆಯಿಂದಾಗಿ ಚೆನ್ನಾಗಿ ಅರ್ಥವಾಯಿತು. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯನ್ನು ಇನ್ಸುಲಿನ್ ತಳ್ಳಿಕೊಂಡು ಹೋಗಿ ತುಂಬುವ ದೊಡ್ಡ ಉಗ್ರಾಣವೇ ನಮ್ಮ ಸ್ನಾಯು. ಮೂವತ್ತು ದಾಟಿದ ಮೇಲೆ, ಉಪಯೋಗಿಸದಿದ್ದರೆ, ಈ ಉಗ್ರಾಣ ಸದ್ದಿಲ್ಲದೆ ಕುಗ್ಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಆ ಜಾಗಕ್ಕೆ ಕೊಬ್ಬು ಬರುತ್ತದೆ, ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಸ್ನಾಯುವಿನ ಎಳೆಗಳ ಒಳಗೂ. ಆಗ ಇನ್ಸುಲಿನ್ ಬಾಗಿಲು ತಟ್ಟಿದರೂ ಒಳಗಿನವರಿಗೆ ಕೇಳಿಸುವುದಿಲ್ಲ. ಒಂದು ಹೋಗಿ ಇನ್ನೊಂದು ಬಂದದ್ದರಿಂದ ತಕ್ಕಡಿಗೆ ಏನೂ ಗೊತ್ತಾಗುವುದಿಲ್ಲ.

ನಮ್ಮ ದೇಶದವರಿಗೆ ಇದು ಇನ್ನೂ ಬೇಗ ಬರುತ್ತದೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂದಿತ್ತು: ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅದೇ ಬಿಎಂಐ, ಇಬ್ಬರದೂ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ನರದು ಶೇ. 9.1, ನಮ್ಮ ಯಾಜ್ಞಿಕರದು ಶೇ. 21.2! ಅದಕ್ಕೇ ನಮಗೆ ತೂಕಕ್ಕಿಂತ ಸೊಂಟದ ಟೇಪು ಮುಖ್ಯ. ಹುಡುಗರಿಗೆ 90, ಹುಡುಗಿಯರಿಗೆ 80 ಸೆಂಟಿಮೀಟರ್ ಒಳಗಿರಲಿ.

ಇನ್ನು ನಮ್ಮ ರಾಯಪುರಂ ಸಂಗತಿ. ಬಸ್ಸಿನಲ್ಲಿ ಎಷ್ಟು ಸಲ ಅದರ ಮುಂದೆ ಹೋಗಿದ್ದೀರೋ! ಪ್ರೊ. ಎಂ. ವಿಶ್ವನಾಥನ್ 1954ರಲ್ಲಿ ಸ್ಥಾಪಿಸಿದ ಸಕ್ಕರೆ ಕಾಯಿಲೆಯ ಆಸ್ಪತ್ರೆ ಇಲ್ಲೇ ಇದೆ. ಅಲ್ಲಿನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನನ್ನಂತೆಯೇ ಹೊಸ್ತಿಲ ಮೇಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ವಿಶೇಷ ಮಾಡದವರಲ್ಲಿ ಶೇ. 55 ಜನರಿಗೆ ಕಾಯಿಲೆ ಬಂತು. ದಿನಕ್ಕೆ ಅರ್ಧ ಗಂಟೆ ನಡಿಗೆ, ಸಕ್ಕರೆ ಎಣ್ಣೆಗಳಲ್ಲಿ ಹಿಡಿತ ಎಂದು ತಿಳಿಹೇಳಿಸಿಕೊಂಡವರಲ್ಲಿ ಸುಮಾರು ಶೇ. 39. ಅವರ ತೂಕವೇನೂ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಇದನ್ನು ಓದಿದ ದಿನ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ದುಡಿಯುವ ಸ್ನಾಯು ಇನ್ಸುಲಿನ್ ಬರುವವರೆಗೆ ಕಾಯದೆ ತಾನೇ ಸಕ್ಕರೆಯನ್ನು ಎಳೆದುಕೊಳ್ಳುತ್ತದಂತೆ. ಹಿತ್ತಿಲ ಬಾಗಿಲು ಅನ್ನಿ.

ನಡಿಗೆಯೊಂದೇ ಸಾಲದು, ಭಾರವನ್ನೂ ಎತ್ತಬೇಕು. ಮಗಳು ತಂದುಕೊಟ್ಟ ಎರಡೆರಡು ಕಿಲೋ ಡಂಬೆಲ್ಸ್ ಈಗ ಮಿಕ್ಸಿಯ ಪಕ್ಕದಲ್ಲಿವೆ. ಕುಕ್ಕರ್ ಕೂಗುವವರೆಗೆ ಎತ್ತುತ್ತೇನೆ. ಯಜಮಾನರು ನಗುತ್ತಾರೆ, ನಗಲಿ. ತಟ್ಟೆಯಲ್ಲಿ ಅನ್ನ ಒಂದು ಸೌಟು ಕಮ್ಮಿ, ಬೇಳೆ ಕಾಳು ಒಂದು ಸೌಟು ಜಾಸ್ತಿ.

ನಿಮಗೆ ಇಪ್ಪತ್ತೋ ಇಪ್ಪತ್ತೈದೋ. ಉಗ್ರಾಣ ಕಟ್ಟಿಕೊಳ್ಳುವ ಕಾಲ. ಜಿಮ್ಮಿಗೆ ಹೋಗುವವರು ಕನ್ನಡಿಗಾಗಿ ಹೋದರೂ ಸರಿಯೇ, ಲಾಭ ಒಂದೇ. ಹುಡುಗಿಯರೇ, "ತೋಳು ದಪ್ಪವಾದೀತು" ಎಂದು ಹೆದರಬೇಡಿ. ನನ್ನ ಸಡಿಲ ತೋಳನ್ನು ತೋರಿಸುತ್ತೇನೆ, ಬನ್ನಿ. ಅಪ್ಪ ಅಮ್ಮಂದಿರನ್ನು, ಸಣ್ಣಗಿದ್ದರೂ ಸರಿ, ಒಮ್ಮೆ ಪರೀಕ್ಷೆಗೆ ಎಳೆದುಕೊಂಡು ಹೋಗಿ.

ಈ ಸಲದ ಯುಗಾದಿ ಊಟಕ್ಕೆ ನೆಲದ ಮೇಲೇ ಎಲೆ ಹಾಕಬೇಕೆಂದು ಕಮಿಟಿಗೆ ಹೇಳಿದ್ದೇನೆ. ಕೈ ಊರದೆ ಎದ್ದವರಿಗೆ ಇನ್ನೊಂದು ಒಬ್ಬಟ್ಟು. ಕೈ ಊರಿದವರಿಗೆ, ನನ್ನನ್ನೂ ಸೇರಿಸಿ, ಕೋಸಂಬರಿ.