ಮಗಳ ಕಾರು, ಪರದೇಶದ ಹಾದಿ

ಹಾನಗಲ್ಲಿನ ಹಿರಿಯ ಮಿತ್ರರೊಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಮುಖದಲ್ಲಿ ಎಂದಿನ ಉತ್ಸಾಹವಿರಲಿಲ್ಲ. "ಶಿಗ್ಗಾಂವಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಕಾರು ಓಡಿಸಿದವಳು ನನ್ನ ಮಗಳು. ಈಗ ಇಂಗ್ಲೆಂಡಿನಲ್ಲಿ ಮಕ್ಕಳನ್ನು ಮಳೆಯಲ್ಲಿ ನಡೆಸಿಕೊಂಡು ಶಾಲೆಗೆ ಹೋಗುತ್ತಾಳಂತೆ. ನಮ್ಮ ಸರಕಾರದ ಲೈಸೆನ್ಸಿಗೆ ಅಲ್ಲಿ ಕಿಮ್ಮತ್ತೇ ಇಲ್ಲೇನ್ರೀ?" ಎಂದು ನಿಟ್ಟುಸಿರಿಟ್ಟರು.

ಕಿಮ್ಮತ್ತು ಉಂಟು, ಆದರೆ ಅದಕ್ಕೊಂದು ಅವಧಿಯೂ ಉಂಟು. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯರು ಊರಿನ ಪರವಾನಗಿಯ ಮೇಲೆ 12 ತಿಂಗಳು ಮಾತ್ರ ಕಾರು ನಡೆಸಬಹುದು. ಅನಂತರ ಅಲ್ಲಿಯ ಕಲಿಕೆಯ ಪರವಾನಗಿ ಪಡೆದು, ನಿಯಮಗಳ ಪರೀಕ್ಷೆಯನ್ನೂ ರಸ್ತೆಯ ಪರೀಕ್ಷೆಯನ್ನೂ ದಾಟಬೇಕು. ಜರ್ಮನಿಯಲ್ಲಿ ಈ ಗಡುವು 6 ತಿಂಗಳು. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಟ್ಟಳೆ. ಮೇಲಾಗಿ ಅಲ್ಲಿ ರಸ್ತೆಯ ಬಲಗಡೆಯ ಸಂಚಾರ.

ರಾಜ್ಯದ ಗಡಿಯೆಲ್ಲಿಯೋ ಕಾಯಿದೆಯ ಗಡಿಯೂ ಅಲ್ಲಿಯೇ. ನಮ್ಮ ಸವಣೂರೇ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ನೆರೆಯ ಶಿಗ್ಗಾಂವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂದು 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ, ಹಿರೇಕೆರೂರಿನವರು ಹಾವೇರಿಯಲ್ಲಿ ಪಡೆದ ಪರವಾನಗಿ ಇಡೀ ಭಾರತಕ್ಕೆ ಸಲ್ಲುತ್ತದೆ. ಕಡಲು ದಾಟಿದರೆ ಮಾತ್ರ ಆ ದೇಶದ ಒಪ್ಪಿಗೆ ಬೇಕು.

ಇದಕ್ಕಾಗಿಯೇ 1949ರ ಜಿನೀವಾ ಒಪ್ಪಂದದಂಥ ಏರ್ಪಾಡುಗಳಿಂದ ಅಂತರರಾಷ್ಟ್ರೀಯ ಪರವಾನಗಿ ಬಳಕೆಗೆ ಬಂದಿತು. ನಮ್ಮ ಸಾರಿಗೆ ಕಛೇರಿಯಲ್ಲಿ 1,000 ರೂಪಾಯಿ ಕಟ್ಟಿ ಇದನ್ನು ಪಡೆಯಬಹುದು. ಇದರ ಆಯುಸ್ಸು ಹೆಚ್ಚೆಂದರೆ ಒಂದು ವರ್ಷ. ಪರದೇಶದಲ್ಲಿರುವಾಗ ಅವಧಿ ಮುಗಿದರೆ ಅಲ್ಲಿಯ ಭಾರತೀಯ ರಾಯಭಾರ ಕಛೇರಿಯ ಮೂಲಕ ಅರ್ಜಿ ಹಾಕುವ ಅನುಕೂಲವನ್ನು 2021ರಲ್ಲಿ ಕಲ್ಪಿಸಲಾಗಿದೆ. ಆದರೆ ಇದು ಮೂಲ ಪರವಾನಗಿಯ ಒಡನಾಡಿಯೇ ಹೊರತು ಬದಲಿಯಲ್ಲ, ಎರಡೂ ಕೈಯಲ್ಲಿರಬೇಕು. ಪ್ರವಾಸಿಗೆ ನೆರವಾಗುವ ಈ ಪತ್ರ, ನೆಲೆಸಿದವರ ಗಡುವನ್ನು ಹಿಗ್ಗಿಸಲಾರದು.

"ಒಂದೆರಡು ದಿನ ಓಡಿಸಿದರೆ ಯಾರು ನೋಡುತ್ತಾರೆ?" ಎನ್ನುವವರುಂಟು. ಅಪಘಾತವಾದ ದಿನ ಎಲ್ಲರೂ ನೋಡುತ್ತಾರೆ! ಸಲ್ಲದ ಪರವಾನಗಿಯವರಿಗೆ ವಿಮೆಯ ರಕ್ಷಣೆ ತಪ್ಪಬಹುದು. ದಂಡದ ಜೊತೆಗೆ ಗಾಯಾಳುವಿನ ನಷ್ಟದ ಹೊರೆಯೂ ಸಂಸಾರದ ತಲೆಯ ಮೇಲೆ ಬೀಳಬಹುದು.

ಇತ್ತ ಊರಿನ ಪರವಾನಗಿಯನ್ನೂ ಮರೆಯಲಾಗದು. ಅವಧಿ ಮುಗಿದು ಒಂದು ವರ್ಷ ಕಳೆದ ಮೇಲೆ ನವೀಕರಣಕ್ಕೆ ಹೋದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ರಜೆಗೆ ಬಂದಾಗ ತಾರೀಖನ್ನು ನೋಡಿಕೊಳ್ಳುವುದು ಜಾಣತನ.

ಇದೆಲ್ಲ ಕೇಳಿ ಮಿತ್ರರು ತುಸುಹೊತ್ತು ಸುಮ್ಮನಿದ್ದರು. "ಹಾಗಾದರೆ ಮಗಳು ಹನ್ನೆರಡನೆಯ ತಿಂಗಳಿಗೆ ಕಾರು ನಿಲ್ಲಿಸಿದ್ದು ಸೋತಲ್ಲ, ತಿಳಿದೇ" ಎಂದರು. ಹೌದೆಂದೆ. ಸವಣೂರಿನ ಮಠದ ದೊಡ್ಡಹುಣಸೆ ಮರಗಳ ಮೂಲ ಆಫ್ರಿಕ. ಅವೂ ಹೊಸ ಮಣ್ಣಿನಲ್ಲಿ ಮೊದಲಿನಿಂದಲೇ ಬೇರೂರಿದವು. ಮಗಳ ಪರೀಕ್ಷೆ ಬರುವ ತಿಂಗಳಂತೆ. ಅಲ್ಲಿಯವರೆಗೆ ಮೊಮ್ಮಕ್ಕಳಿಗೆ ಎರಡು ಒಳ್ಳೆಯ ಕೊಡೆ ಕೊಳ್ಳಲು ಹಣ ಕಳಿಸುವುದಾಗಿ ಹೇಳಿ ಮಿತ್ರರು ನಗುತ್ತ ಎದ್ದರು.