ಎಥನಾಲ್ ಪೆಟ್ರೋಲ್: ಕಳೆ ಕೊಚ್ಚುವ ಯಂತ್ರದ ಗತಿಯೇನು?

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳನ್ನು ತಲುಪಿತು. ಚರ್ಚೆ ಹೆಚ್ಚಾಗಿ ಕಾರು, ಬೈಕುಗಳ ಮೈಲೇಜಿನ ಬಗ್ಗೆಯೇ ನಡೆಯಿತು. ನಮ್ಮ ಅಡಿಕೆ ತೋಟಗಳ ಕಳೆ ಕೊಚ್ಚುವ ಯಂತ್ರ, ಮದ್ದು ಬಿಡುವ ಪಂಪುಗಳ ಮಾತು ಬಂದದ್ದು ಕಡಿಮೆ.

ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಿನವೂ ಓಡುವ ವಾಹನಕ್ಕೆ ಇದು ದೊಡ್ಡ ತೊಂದರೆಯಲ್ಲ. ಆದರೆ ತಿಂಗಳುಗಟ್ಟಲೆ ಮೂಲೆಯಲ್ಲಿರುವ ಯಂತ್ರದಲ್ಲಿ ನೀರಿನಂಶ ಹೆಚ್ಚಿದರೆ, ಎಥನಾಲ್ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಕಾರ್ಬ್ಯುರೇಟರ್, ರಬ್ಬರ್ ಕೊಳವೆಗಳು ಹಾಳಾಗುತ್ತವೆ. ಅಮೆರಿಕದಲ್ಲಿ ಇಂಥ ಸಣ್ಣ ಎಂಜಿನ್‌ಗಳಿಗೆ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್ ಹಾಕಲು ಅನುಮತಿಯಿಲ್ಲ. ನಮ್ಮಲ್ಲಿ ಎಥನಾಲ್ ರಹಿತ ಪೆಟ್ರೋಲಿನ ಆಯ್ಕೆ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಕಬ್ಬು ಬೆಳೆಗಾರರಿಗೆ ಮಾರುಕಟ್ಟೆ, ತೈಲ ಆಮದಿನಲ್ಲಿ ಉಳಿತಾಯ ಎರಡೂ ಸ್ವಾಗತಾರ್ಹವೇ. ಆದರೆ ಒಬ್ಬ ರೈತನ ಲಾಭಕ್ಕೆ ಇನ್ನೊಬ್ಬ ರೈತ ಬೆಲೆ ತೆರುವಂತಾಗಬಾರದು. ಕಡಿಮೆ ಎಥನಾಲಿನ ಪೆಟ್ರೋಲೂ ಬಂಕಿನಲ್ಲಿ ಸಿಗಲಿ ಎಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ, ಹಂಗಾಮು ಮುಗಿದೊಡನೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಎತ್ತಿಡುವುದೇ ಜಾಣತನ.